ಬ್ಯಾಪ್ಟಿಸ್ಟ್ ಕಂಡಕ್ಟರು ಜರ್ಮನಿಯಲ್ಲಿ ವರನ ಮನೆ ನೋಡಿದ್ದು

ಶಿರ್ವದಿಂದ ಕಾಪು ಮಾರ್ಗವಾಗಿ ಉಡುಪಿಗೆ ಹೋಗುವ ಬಸ್ಸಿನಲ್ಲಿ ಬ್ಯಾಪ್ಟಿಸ್ಟ್ ಮತಾಯಸರು ಇಪ್ಪತ್ತಮೂರು ವರ್ಷ ಕಂಡಕ್ಟರರಾಗಿದ್ದರು. ಅಷ್ಟು ವರ್ಷಗಳಲ್ಲಿ ಅವರು ಆ ಬಸ್ಸಿನಲ್ಲಿ ಕೂತದ್ದನ್ನು ನೋಡಿದವರಿಲ್ಲ. ಸೀಟು ಖಾಲಿ ಇದ್ದರೂ ಕಂಬಕ್ಕೆ ಬೆನ್ನು ಕೊಟ್ಟು ನಿಂತೇ ಇರುತ್ತಿದ್ದರು. ಬಸ್ಸು ತುಂಬಿತು ಎಂಬ ಮಾತು ಅವರ ಬಾಯಿಂದ ಬಂದದ್ದೂ ಇಲ್ಲ. ಬಾಗಿಲಲ್ಲಿ ಮೂರು ಜನ ನೇತಾಡುತ್ತಿರುವಾಗಲೂ, "ಒಳಗೆ ಮದುವೆ ಚಪ್ಪರ ಹಾಕುವಷ್ಟು ಜಾಗ ಉಂಟು, ಎದುರು ಹೋಗಿ, ಎದುರು ಹೋಗಿ" ಎಂದು ಕೂಗುತ್ತಿದ್ದರು. ಜನರು ಬೈಯುತ್ತಾ ಎದುರು ಹೋಗುತ್ತಿದ್ದರು. ಆಶ್ಚರ್ಯವೆಂದರೆ ಜಾಗ ಇರುತ್ತಿತ್ತು.

ಅವರಿಗೆ ಇನ್ನೊಂದು ಕೆಲಸವೂ ಇತ್ತು. ಅದಕ್ಕೆ ಸಂಬಳವಿರಲಿಲ್ಲ, ಗೌರವ ಮಾತ್ರ ಬಹಳ. ಶಿರ್ವದ ಕ್ರಿಸ್ತುವರಲ್ಲಿ ಹುಡುಗಿಗೆ ಸಂಬಂಧ ಕೂಡಿಬಂದರೆ, ಮಾತು ಮುಂದುವರಿಸುವ ಮೊದಲು ಹುಡುಗಿಯ ಕಡೆಯವರು ಹೋಗಿ ಹುಡುಗನ ಮನೆ ನೋಡಿ ಬರುವುದುಂಟು. ಎಷ್ಟೋ ಕುಟುಂಬದವರು ಈ ಕೆಲಸಕ್ಕೆ ಬ್ಯಾಪ್ಟಿಸ್ಟರನ್ನೇ ಕರೆದುಕೊಂಡು ಹೋಗುತ್ತಿದ್ದರು. ಅವರು ಒಟ್ಟು ಮೂವತ್ತೊಂದು ಮನೆ ನೋಡಿದ್ದರು. ಎರಡು ಮನೆಗಳನ್ನು ಎರಡೆರಡು ಸಲ ನೋಡಿದ್ದರಿಂದ ಕೆಲವರು ಮೂವತ್ತಮೂರು ಎನ್ನುತ್ತಾರೆ.

ನೋಡುವುದಕ್ಕೆ ಅವರದೇ ಒಂದು ಕ್ರಮವಿತ್ತು. ಮೊದಲು ಕುಡಿಯಲು ನೀರು ಕೇಳುವುದು, ಮನೆಯವರು ತರುವಷ್ಟರಲ್ಲಿ ತಾನೇ ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡುವುದು. ಆಮೇಲೆ ದನದ ಹಟ್ಟಿ, ಹಂದಿಗೂಡು, ಸೌದೆ ಇಟ್ಟ ಕೊಟ್ಟಿಗೆ. ಕೊನೆಗೆ, ಬೀಡಿ ಹಚ್ಚಲು ಬೆಂಕಿಪೆಟ್ಟಿಗೆ ಬೇಕೆಂಬ ನೆಪದಲ್ಲಿ ನೆರೆಮನೆಗೆ ಹೋಗಿ ವಿಚಾರಿಸುವುದು. ಅವರು ಬೀಡಿ ಸೇದುತ್ತಿರಲಿಲ್ಲ.

"ಪೊರ್ಬುಗಳೇ, ನೀವು ನೋಡುವುದು ಹುಡುಗನನ್ನೋ ಹಂದಿಗೂಡನ್ನೋ?" ಎಂದು ಬಸ್ಸಿನ ಡ್ರೈವರ್ ಮುದ್ದಣ್ಣ ಕೇಳುತ್ತಿದ್ದ. ಕ್ರಿಸ್ತುವರನ್ನು ಪೊರ್ಬುಗಳೇ ಎನ್ನುವುದು ತುಳುವರ ರೂಢಿ.

"ಹುಡುಗ ಒಂದು ದಿನದ ಮಟ್ಟಿಗೆ ತಲೆ ಬಾಚಿಕೊಳ್ಳಬಹುದು ಮಾರಾಯ. ಹಂದಿಗೂಡು ಬಾಚಿಕೊಳ್ಳುವುದಿಲ್ಲ."

ಈ ಜಾಣತನಕ್ಕೆ ಬೆಲೆ ತೆತ್ತವಳು ಅವರ ಸ್ವಂತ ತಂಗಿ ಆಲಿಸ್. ಅವಳಿಗೆ ಬಂದ ಮೂರು ಸಂಬಂಧಗಳನ್ನೂ ಅಣ್ಣ ನೋಡಿ ಬೇಡವೆಂದಿದ್ದರು. ಹೂಡೆಯ ಹುಡುಗನ ಮನೆಯಲ್ಲಿ ನಾಯಿಯನ್ನು ಬಿಸಿಲಿಗೆ ಕಟ್ಟಿದ್ದರು. ಕಾರ್ಕಳದವರ ಅಡುಗೆಮನೆಯ ಹೆಂಚು ಒಡೆದಿತ್ತು. ನಿಟ್ಟೆಯ ಮಾಸ್ತರರ ಬಾವಿಹಗ್ಗಕ್ಕೆ ಎರಡು ಗಂಟುಗಳಿದ್ದವು. ನಾಲ್ಕನೆಯ ಸಂಬಂಧ ಬರಲಿಲ್ಲ. ಆಲಿಸ್ ನರ್ಸಿಂಗ್ ಕಲಿತು, ಕಾನ್ವೆಂಟಿನ ಸಿಸ್ಟರುಗಳ ಸಹಾಯದಿಂದ ಪಶ್ಚಿಮ ಜರ್ಮನಿಯ ಒಂದು ಆಸ್ಪತ್ರೆಗೆ ಹೋಗಿಬಿಟ್ಟಳು.

ಎಂಟು ವರ್ಷ ಕಳೆದು, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಅವಳ ಪತ್ರ ಬಂತು. ಆಗ ಅವಳಿಗೆ ಮೂವತ್ತಾರು ವರ್ಷ. ಬ್ಯಾಪ್ಟಿಸ್ಟರ ಹೆಂಡತಿ ಝೀಟಾ ಅದನ್ನು ಅತ್ತೆಗೆ ಓದಿ ಹೇಳಿದಳು. ಮದುವೆಯಾಗಬೇಕೆಂದಿರುವ ಹುಡುಗನಿಗೆ ಕ್ಲೆಮೆನ್ಸ್ ಎಂಬ ಹೆಸರು, ಕಥೊಲಿಕ, ತಾಯಿ ಇದ್ದಾರೆ, ಒಳ್ಳೆಯವನು. ಅಜ್ಜನ ಕಾಲದಿಂದ ಬಂದ ಆಟದ ಪಾರ್ಕು ನಡೆಸುತ್ತಾನೆ, ತಿರುಗುವ ಕುದುರೆ, ಸಣ್ಣ ರೈಲು ಎಲ್ಲ ಉಂಟು.

ತಾಯಿ ಅಪೊಲೋನಿಯಾ ಬಾಯಿ ಜಪಮಾಲೆಯನ್ನು ಕೆಳಗಿಟ್ಟರು. "ಎಂತ? ಅತ್ತೂರು ಸಾಂತ್‌ಮಾರಿ ಹಬ್ಬಕ್ಕೆ ಬಂದು ದುಡ್ಡು ತೆಗೆದುಕೊಂಡು ಜನರನ್ನು ತೊಟ್ಟಿಲಲ್ಲಿ ತಿರುಗಿಸುತ್ತಾರಲ್ಲ, ಅವರ ಹಾಗೆಯಾ?"

"ಅವರು ಹಬ್ಬ ಮುಗಿದ ಮೇಲೆ ಹೋಗುತ್ತಾರೆ ಮಾಯ್. ಇವನು ಅಲ್ಲಿಯೇ ಇರುತ್ತಾನೆ," ಎಂದಳು ಝೀಟಾ. ಅತ್ತೆಯನ್ನು ಅವಳೂ ಮಾಯ್, ಅಂದರೆ ತಾಯಿ, ಎಂದೇ ಕರೆಯುತ್ತಿದ್ದಳು.

"ಬ್ಯಾಪ್ಟಿಸ್ಟ್ ಹೋಗಿ ನೋಡಲಿ. ಅವನು ಒಪ್ಪಿದರೆ ನನ್ನ ಆಶೀರ್ವಾದ ಉಂಟು. ಇಲ್ಲದಿದ್ದರೆ ಇಲ್ಲ."

ತಾಯಿ ಹೀಗೆಯೇ ಹೇಳುತ್ತಾಳೆಂದು ಆಲಿಸಳಿಗೆ ಗೊತ್ತಿತ್ತು. ಪತ್ರದ ಕೊನೆಯಲ್ಲಿ ಅವಳು ಬರೆದದ್ದು ಇಷ್ಟು: ಅಣ್ಣನಿಗೆ ವಿಮಾನದ ಟಿಕೇಟು ನಾನೇ ಕಳುಹಿಸುತ್ತೇನೆ. ಮಾಯ್ ಬೇಡವೆಂದರೆ ನಾನು ಮದುವೆಯಾಗುವುದಿಲ್ಲ. ಆದರೆ ಇದೂ ಆಗದಿದ್ದರೆ ಇನ್ನು ಮುಂದೆ ಯಾರೂ ನನ್ನ ಮದುವೆಯ ಮಾತು ಎತ್ತಬಾರದು.

ಹಾಗೆ ಈಸ್ಟರ್ ಹಬ್ಬ ಮುಗಿದ ಕೂಡಲೇ ಬ್ಯಾಪ್ಟಿಸ್ಟರು ಮುಂಬಯಿಗೆ ಹೋಗಿ ವಿಮಾನ ಹತ್ತಿದರು. ಅಲ್ಲಿಯೂ ಬಾಗಿಲ ಬಳಿ ನಿಂತು, ಬರುವವರಿಗೆ ಒಳಗೆ ಹೋಗಿ ಎಂದು ಕೈ ತೋರಿಸತೊಡಗಿದರು. ವಿಮಾನದ ಹುಡುಗಿ ಎರಡು ಸಲ ಅವರನ್ನು ಕೈ ಹಿಡಿದು ಕೂರಿಸಿದಳು. ಮೂರನೆಯ ಸಲ ಬೆಲ್ಟು ಕಟ್ಟಿದಳು.

ಆ ಪಾರ್ಕಿಗೆ ಕ್ಲೆಮೆನ್ಸನ ಅಜ್ಜ ಇಟ್ಟ ಉದ್ದ ಹೆಸರನ್ನು ಬ್ಯಾಪ್ಟಿಸ್ಟರು ಕೊನೆಯವರೆಗೂ ಸರಿಯಾಗಿ ಹೇಳಲಿಲ್ಲ. ಪಾರ್ಕು ಊರ ಹೊರಗೆ ಗುಡ್ಡದ ಬದಿಯಲ್ಲಿತ್ತು. ಅಲ್ಲಿ ಇದ್ದದ್ದೆಲ್ಲ ಹಳತು, ಎಲ್ಲವೂ ಒಂದು ರೀತಿ ವಿಚಿತ್ರ. ಇಪ್ಪತ್ತನಾಲ್ಕು ಮರದ ಕುದುರೆಗಳು ಸುತ್ತು ಬರುತ್ತಿದ್ದವು. ಅವುಗಳ ನಡುವೆ, ಯಾಕೆಂದು ಯಾರಿಗೂ ಗೊತ್ತಿಲ್ಲದ ಒಂದು ಮರದ ಹಂದಿಯೂ ಇತ್ತು. ತಗಡಿನ ಹಕ್ಕಿಗಳ ಬ್ಯಾಂಡಿನಲ್ಲಿ ಒಂದು ಹಕ್ಕಿ ಉಳಿದವುಗಳಿಗಿಂತ ತುಸು ತಡವಾಗಿ ಕೂಗುತ್ತಿತ್ತು. ಹೆಬ್ಬಾತಿನ ತಲೆಯಿದ್ದ ಎಂಜಿನ್ ಆರು ತೆರೆದ ಬೋಗಿಗಳನ್ನು ಎಳೆದುಕೊಂಡು, ಕತ್ತಲೆಯ ಗುಹೆಯೊಂದರ ಒಳಗಿನಿಂದ ಹೋಗಿ ಬರುತ್ತಿತ್ತು.

ಕ್ಲೆಮೆನ್ಸ್ ನಲವತ್ತು ದಾಟಿದ, ಉದ್ದ ಕೈಗಳ, ಕಡಿಮೆ ಮಾತಿನ ಮನುಷ್ಯ. ಗೇಟಿನಲ್ಲಿ ಕೂತು ಟಿಕೇಟು ಕೊಡುತ್ತಿದ್ದ ಅವನ ತಾಯಿ ಬ್ಯಾಪ್ಟಿಸ್ಟರನ್ನು ತಲೆಯಿಂದ ಪಾದದವರೆಗೆ ಒಂದು ಸಲ ನೋಡಿ, ಒಂದು ತುಂಡು ಕೇಕ್ ಕೊಟ್ಟರು. ಬ್ಯಾಪ್ಟಿಸ್ಟರು ಕೇಕನ್ನು ಕೈಯಲ್ಲಿ ಹಿಡಿದುಕೊಂಡೇ ಕ್ರಮ ಪ್ರಕಾರ ಕೆಲಸ ಶುರು ಮಾಡಿದರು.

"ಆಲಿಸ್, ಕುಡಿಯಲು ನೀರು ಬೇಕು ಅಂತ ಹೇಳು. ಬಾವಿ ಎಲ್ಲಿ ಉಂಟು?"

"ಅಣ್ಣ, ಇಲ್ಲಿ ನಳ್ಳಿ ಉಂಟು."

"ಬಾವಿ ಇಲ್ಲದ ಮನೆಯಾ?"

ಬಾವಿಯೂ ಇತ್ತು. ಕುದುರೆಗಳ ಹಿಂದೆ, ಸಣ್ಣ ಮಾಡು ಹೊದೆಸಿದ ಕಲ್ಲುಕಟ್ಟೆಯ ಬಾವಿ. ಬ್ಯಾಪ್ಟಿಸ್ಟರು ಕಟ್ಟೆಗೆ ಎರಡೂ ಕೈ ಊರಿ, ನೀರು ಎಷ್ಟು ಆಳದಲ್ಲಿದೆ ಎಂದು ಬಗ್ಗಿ ನೋಡಿದರು. ಒಳಗಿನಿಂದ ಬೆಕ್ಕಿನ ಗಾತ್ರದ ಹಸಿರು ತಗಡಿನ ಕಪ್ಪೆಯೊಂದು ಮೇಲೆ ಬಂದು, ಗಡುಸು ದನಿಯಲ್ಲಿ ಏನೋ ಹೇಳಿ, ಅವರ ಮುಖಕ್ಕೆ ನೀರು ಉಗುಳಿ ಕೆಳಗೆ ಹೋಯಿತು.

ಗೇಟಿನ ಕಡೆಯಿಂದ ಕ್ಲೆಮೆನ್ಸನ ತಾಯಿ ನಗುವುದು ಕೇಳಿಸಿತು. ಆಲಿಸ್ ಮುಖ ತಿರುಗಿಸಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

"ಎಂತ ಹೇಳಿತು ಅದು?" ಎಂದು ಕೇಳಿದರು ಬ್ಯಾಪ್ಟಿಸ್ಟರು, ಮುಖ ಒರೆಸಿಕೊಳ್ಳುತ್ತಾ.

"ಸ್ವಾಗತ ಅಂತ."

ಬ್ಯಾಪ್ಟಿಸ್ಟರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು, 'ಬಾವಿ – ಉಪಯೋಗವಿಲ್ಲ' ಎಂದು ಬರೆದರು. ಹನ್ನೆರಡು ದಿನಗಳಲ್ಲಿ ಆ ಪುಸ್ತಕದಲ್ಲಿ ಹತ್ತೊಂಬತ್ತು ದೋಷಗಳಾದವು. ಏಳನೆಯ ಕುದುರೆಗೆ ಒಂದು ಕಿವಿ ಇಲ್ಲ, ಚರ್ಮದ ತುಂಡು ಮೊಳೆ ಹೊಡೆದು ಕೂರಿಸಿದ್ದಾರೆ. ಹಕ್ಕಿ ತಡವಾಗಿ ಕೂಗುತ್ತದೆ. ಹಂದಿ ಒಂದೇ, ಅದೂ ಮರದ್ದು. ನೆರೆಮನೆಯೇ ದೂರ; ಬೆಂಕಿಪೆಟ್ಟಿಗೆ ಕೇಳಿದರೆ ಕೊಟ್ಟರು, ಆದರೆ ಭಾಷೆ ಬರುವುದಿಲ್ಲವಾದ್ದರಿಂದ ವಿಚಾರಿಸಲು ಆಗಲಿಲ್ಲ.

ಆಲಿಸ್ ಪ್ರತಿದಿನ ಡ್ಯೂಟಿ ಮುಗಿಸಿ ಬಂದು ಅಣ್ಣನ ಮುಖ ನೋಡುವಳು. ಏನನ್ನೂ ಕೇಳುವುದಿಲ್ಲ, ಊಟ ಬಡಿಸುವಳು. ಹತ್ತನೆಯ ದಿನ ಮಾತ್ರ ತಡೆಯಲಾಗದೆ ಕೇಳಿದಳು. "ಮಾಯಿಗೆ ಎಂತ ಬರೆಯುತ್ತೀ?"

"ಇನ್ನೂ ನೋಡಿ ಆಗಲಿಲ್ಲ."

"ಎಂತ ನೋಡಲಿಕ್ಕುಂಟು ಇನ್ನು? ಕುದುರೆಯ ಹಲ್ಲು ಎಣಿಸಿಯಾಯಿತು ನೀನು!"

"ಮನೆ ನೋಡಿದೆ. ಮನುಷ್ಯ ಹೇಗೆ ಅಂತ ಗೊತ್ತಾಗುವುದಿಲ್ಲ ಮಾರಾಯ್ತಿ. ಮಾತೇ ಆಡುವುದಿಲ್ಲ ಅವನು."

"ಆಡಿದರೆ ನಿನಗೆ ಅರ್ಥ ಆಗುತ್ತದಾ?"

ಹಿಂದಿರುಗುವ ವಿಮಾನಕ್ಕೆ ನಾಲ್ಕು ದಿನ ಉಳಿದಿತ್ತು. ಅವರ ಮನಸ್ಸು ಬೇಡ ಎಂಬ ಕಡೆಗೆ ವಾಲುತ್ತಿತ್ತು. ಅನುಮಾನ ಬಂದಲ್ಲಿ ಬೇಡ ಎನ್ನುವುದು ಅವರ ಅಭ್ಯಾಸ.

ಹನ್ನೆರಡನೆಯ ದಿನ ಭಾನುವಾರ. ಬಿಸಿಲು ಬಂದಿದ್ದರಿಂದ ಪಾರ್ಕಿನಲ್ಲಿ ಜನವೋ ಜನ. ರೈಲಿಗೆ ಜನ ಹತ್ತಿಸುವ ಮನುಷ್ಯ, ಮಗಳು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನವೆಂದು ಇಗರ್ಜಿಗೆ ಹೋಗಿದ್ದ. ಎಂಜಿನ್ ನಡೆಸುವುದೂ ಜನ ಹತ್ತಿಸುವುದೂ ಕ್ಲೆಮೆನ್ಸನೊಬ್ಬನ ತಲೆಗೆ ಬಿತ್ತು. ಆಲಿಸ್ ಗೇಟಿನಲ್ಲಿ ಅವನ ತಾಯಿಗೆ ನೆರವಾಗುತ್ತಿದ್ದಳು. ಬ್ಯಾಪ್ಟಿಸ್ಟರು ಬೆಂಚಿನ ಪಕ್ಕದಲ್ಲಿ ನಿಂತಿದ್ದರು.

ಅವರ ಕಣ್ಣಿಗೆ ಕಂಡದ್ದು ಇದು. ಸಾಲು ಬೇಲಿಯವರೆಗೆ ಬೆಳೆದಿದೆ. ಬೋಗಿಗೆ ನಾಲ್ಕೇ ನಾಲ್ಕು ಜನ ಕೂತು, ಮೊಣಕಾಲು ಚಾಚಿಕೊಂಡು ಹೋಗುತ್ತಿದ್ದಾರೆ. ನಡುವೆ ನಿಲ್ಲುವ ಜಾಗ ಖಾಲಿ. ಮೆಟ್ಟಿಲು ಖಾಲಿ. ಎರಡು ಟ್ರಿಪ್ ಸಹಿಸಿಕೊಂಡರು. ಮೂರನೆಯ ಟ್ರಿಪ್ಪಿಗೆ ಸಹಿಸಲಾಗಲಿಲ್ಲ. ಕ್ಲೆಮೆನ್ಸ್ ಎಂಜಿನಿನ ಎಣ್ಣೆ ನೋಡಲು ಬಗ್ಗಿದ್ದಾಗ, ಇವರು ಸಾಲಿನ ಎದುರು ಹೋಗಿ ನಿಂತರು.

"ಎದುರು ಹೋಗಿ, ಎದುರು ಹೋಗಿ! ಅಜ್ಜಿ, ನೀವು ಇಲ್ಲಿ. ಮಗುವನ್ನು ಮಡಿಲಲ್ಲಿ ಹಿಡಿದುಕೊಳ್ಳಿ. ಏ ದಪ್ಪದವರೇ, ಸ್ವಲ್ಪ ಸರಿದು ಕೂತುಕೊಳ್ಳಿ."

ಶುದ್ಧ ಕನ್ನಡದಲ್ಲಿ ಹೇಳಿದ್ದು. ಮನೆಮಾತು ಕೊಂಕಣಿಯಾದರೂ ಬಸ್ಸಿನ ಮಾತು ಅವರಿಗೆ ಕನ್ನಡದಲ್ಲಿಯೇ ಬರುತ್ತಿತ್ತು. ಜರ್ಮನಿಯ ಜನರು ಒಬ್ಬರ ಮುಖ ಒಬ್ಬರು ನೋಡಿ, ಇದು ಪಾರ್ಕಿನ ಹೊಸ ಆಟವಿರಬೇಕೆಂದು ಸರಿದು ಕೂತರು. ಟೋಪಿಯ ಅಜ್ಜಿಯೊಬ್ಬರ ಮಡಿಲಲ್ಲಿ ಅವರು ಹಿಂದೆಂದೂ ನೋಡಿರದ ಮಗುವೊಂದು ಬಂದು ಕೂತಿತು. ಬೋಗಿಗೆ ಏಳು ಜನರಾದರು. ಕೊನೆಯ ಬೋಗಿಯ ಮೆಟ್ಟಿಲಲ್ಲಿ ಬ್ಯಾಪ್ಟಿಸ್ಟರು ನೇತುಕೊಂಡು, ಬೋಗಿಯ ಬದಿಗೆ ಅಂಗೈಯಿಂದ ಎರಡು ಸಲ ಬಡಿದರು. ಕ್ಲೆಮೆನ್ಸ್ ತಿರುಗಿ ನೋಡದೆ ಹೊರಟ.

ರೈಲು ಗುಹೆಯೊಳಗಿನ ಏರಿನಲ್ಲಿ ಏದುಸಿರು ಬಿಟ್ಟಿತು. ಖಣ್ ಎಂದು ಒಂದು ಶಬ್ದ. ಹೆಬ್ಬಾತೂ ಮೂರು ಬೋಗಿಗಳೂ ಬೆಳಕಿನ ಕಡೆಗೆ ಹೋದವು. ಹಿಂದಿನ ಮೂರು ಬೋಗಿಗಳು ಕೊಂಡಿ ಕಳಚಿ, ಮೆಲ್ಲನೆ ಹಿಂದಕ್ಕೆ ಜಾರಿ, ತಗ್ಗಿನಲ್ಲಿ ನಿಂತವು. ಅದು ಸರಿಯಾಗಿ, ಜನರನ್ನು ಹೆದರಿಸಲು ಇಟ್ಟ ಯಂತ್ರದ ಅಸ್ಥಿಪಂಜರ ಇರುವ ಜಾಗ. ಟೋಪಿ ಹಾಕಿದ ಅಸ್ಥಿಪಂಜರ ಗೋಡೆಯಿಂದ ಹೊರಗೆ ಬಂದು, ಕೈ ಬೀಸಿ, ಮೆಟ್ಟಿಲಲ್ಲಿ ನಿಂತಿದ್ದ ಬ್ಯಾಪ್ಟಿಸ್ಟರ ತಲೆಗೆ ಒಂದು ಕೊಟ್ಟು ಒಳಗೆ ಹೋಯಿತು. ಅರ್ಧ ನಿಮಿಷಕ್ಕೆ ಮತ್ತೆ ಬಂತು.

ಕತ್ತಲೆಯಲ್ಲಿ ಮಕ್ಕಳು ಅಳಲು ಶುರು ಮಾಡಿದರು. ದೊಡ್ಡವರ ದನಿಗಳೂ ಏರಿದವು.

"ಏನಿಲ್ಲ, ಏನಿಲ್ಲ, ಐದು ನಿಮಿಷ," ಎಂದರು ಬ್ಯಾಪ್ಟಿಸ್ಟರು. ಕಾಪುವಿನ ಬಳಿ ಟಯರು ಪಂಚರಾದಾಗಲೂ, ಶಿರ್ವದ ಏರಿನಲ್ಲಿ ಎಂಜಿನ್ ಕಾದಾಗಲೂ ಅವರು ಹೇಳುತ್ತಿದ್ದ ಮಾತೇ ಅದು. ದನಿಯಲ್ಲಿ ಏನಿತ್ತೋ, ಬೋಗಿಗಳಲ್ಲಿ ಮಾತು ತಗ್ಗಿತು. ಆದರೆ ತಪ್ಪು ಯಾರದೆಂದು ಅವರಿಗೆ ಗೊತ್ತಿತ್ತು. ತಾನು ಬೇಡವೆನ್ನುವುದಿರಲಿ, ಇನ್ನು ಆ ಕಡೆಯವರೇ ಇಂಥವನ ತಂಗಿ ನಮಗೆ ಬೇಡ ಎಂದರೆ? ಆ ಯೋಚನೆ ಬಂದಾಗ ಅಸ್ಥಿಪಂಜರದ ಏಟು ಲೆಕ್ಕಕ್ಕೆ ಬರಲಿಲ್ಲ.

ಕ್ಲೆಮೆನ್ಸ್ ಟಾರ್ಚು ಹಿಡಿದು ಓಡಿ ಬಂದ. ಮೊದಲು ಅಸ್ಥಿಪಂಜರದ ಸ್ವಿಚ್ಚು ಆರಿಸಿದ. ಟೋಪಿಯ ಅಜ್ಜಿಯನ್ನು ಎತ್ತಿಕೊಂಡೇ ಹೊರಗೆ ಬಿಟ್ಟು ಬಂದ. ಮಕ್ಕಳನ್ನು ಕೈ ಹಿಡಿದು ಸಾಲಾಗಿ ನಡೆಸಿದ. ಯಾರಿಗೂ ಗಾಯವಾಗಿರಲಿಲ್ಲ. ಬ್ಯಾಪ್ಟಿಸ್ಟರು ಬೋಗಿಗಳಲ್ಲಿ ಏನಾದರೂ ಉಳಿದಿದೆಯೇ ಎಂದು ತಡಕಿ, ಒಂದು ಮಗುವಿನ ಶೂ ಹಿಡಿದುಕೊಂಡು ಎಲ್ಲರಿಗಿಂತ ಕೊನೆಗೆ ಹೊರಗೆ ಬಂದರು.

ಹೊರಗೆ ಆ ದಪ್ಪ ಮನುಷ್ಯ ಕೆಂಪಾಗಿ ನಿಂತು ಜೋರು ಮಾಡುತ್ತಿದ್ದ. ಭಾಷೆ ತಿಳಿಯದಿದ್ದರೂ ಆ ದನಿ ಬ್ಯಾಪ್ಟಿಸ್ಟರಿಗೆ ತಿಳಿಯುತ್ತಿತ್ತು. ಇದಕ್ಕೆ ಯಾರು ಜವಾಬ್ದಾರಿ ಎಂದು ಕೇಳುವ ದನಿ. ಊರಿನಲ್ಲಿ ಈ ದನಿ ಎದ್ದ ಕೂಡಲೇ ಡ್ರೈವರು ಬಾನೆಟ್ಟಿನ ಕೆಳಗೆ ಹೋಗುತ್ತಾನೆ. ಬಸ್ಸಿನ ಧಣಿಗಳು ಬಂದರೆ ಕಂಡಕ್ಟರನ ಕಡೆಗೆ ಬೆರಳು ತೋರಿಸುತ್ತಾರೆ. ಇಪ್ಪತ್ತಮೂರು ವರ್ಷ ಆ ಬೆರಳನ್ನು ನೋಡಿದವರು ಬ್ಯಾಪ್ಟಿಸ್ಟರು. ಅವರು ಶೂವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆರಳು ಬರಲಿ ಎಂದು ಕಾದರು.

ಕ್ಲೆಮೆನ್ಸ್ ನಾಲ್ಕೈದು ಮಾತು ಹೇಳಿದ. ಬೆರಳು ಎತ್ತಲಿಲ್ಲ. ಇವರ ಕಡೆ ನೋಡಲೂ ಇಲ್ಲ.

"ಎಂತ ಹೇಳಿದ?" ಎಂದು ಆಲಿಸಳನ್ನು ಪಿಸುಮಾತಿನಲ್ಲಿ ಕೇಳಿದರು. ಅವಳು ಗೇಟಿನಿಂದ ಓಡಿ ಬಂದಿದ್ದಳು.

"ಕೊಂಡಿ ಹಳೆಯದಾಗಿತ್ತು, ಎಷ್ಟು ಜನ ಹತ್ತಿದ್ದಾರೆ ಅಂತ ತಾನು ತಿರುಗಿ ನೋಡಬೇಕಿತ್ತು, ತಪ್ಪು ತನ್ನದು ಅಂತ."

ಕ್ಲೆಮೆನ್ಸನ ತಾಯಿ ಎಲ್ಲರಿಗೂ ಕಾಫಿ, ಕೇಕ್ ಕೊಟ್ಟರು. ದಪ್ಪ ಮನುಷ್ಯ ಎರಡು ತುಂಡು ತಿಂದು ತಣ್ಣಗಾದ. ಸಂಜೆ ಐದಕ್ಕೆ ಗೇಟು ಮುಚ್ಚಿ, ಕೊನೆಯ ಕುಟುಂಬವೂ ಹೊರಟು ಹೋದ ಮೇಲೆ ಕ್ಲೆಮೆನ್ಸ್ ಬ್ಯಾಪ್ಟಿಸ್ಟರ ಬಳಿಗೆ ಬಂದ. ಅವರನ್ನು ಬೋಗಿಯ ಎದುರು ಕರೆದುಕೊಂಡು ಹೋಗಿ ಹಲಗೆಯಲ್ಲಿ ಬರೆದ ಅಂಕೆ ತೋರಿಸಿದ. ನಾಲ್ಕು ಬೆರಳು ಎತ್ತಿ ಹಿಡಿದ. ಮತ್ತೆ ಏಳು ಬೆರಳು ಎತ್ತಿ, ತಲೆಯಾಡಿಸಿದ. ಆಮೇಲೆ ಹನ್ನೆರಡು ದಿನದಲ್ಲಿ ಆಡಿರದಷ್ಟು ಮಾತು ಒಟ್ಟಿಗೆ ಆಡಿದ. ಜೋರಾಗಿ ಅಲ್ಲ, ಆದರೆ ನಗುತ್ತಲೂ ಅಲ್ಲ.

ಆಲಿಸ್ ನೆಲ ನೋಡುತ್ತಿದ್ದಳು.

"ಹೇಳು, ಎಂತ ಹೇಳುತ್ತಾನೆ?"

"ಬೇಡ ಬಿಡು ಅಣ್ಣ."

"ಹೇಳು ಮಾರಾಯ್ತಿ. ಇದ್ದ ಹಾಗೆ ಹೇಳು."

"ಒಂದು ಬೋಗಿಗೆ ನಾಲ್ಕೇ ಜನ. ಆಲಿಸಳ ಅಣ್ಣನಾದರೂ ನಾಲ್ಕೇ ಜನ. ಮಕ್ಕಳಿಗೆ ಪೆಟ್ಟಾಗಿದ್ದರೆ ಎಂತ ಮಾಡುತ್ತಿದ್ದೆವು? ಇನ್ನೊಮ್ಮೆ ಹೀಗೆ ಮಾಡಿದರೆ ನಿಮ್ಮನ್ನು ರೈಲಿನ ಹತ್ತಿರ ಬಿಡುವುದಿಲ್ಲ." ಕೂಡಲೇ ತನ್ನ ಮಾತು ಸೇರಿಸಿದಳು. "ಅವನಿಗೆ ನಮ್ಮ ಕ್ರಮ ಗೊತ್ತಿಲ್ಲ. ನೀನು ಬೇಸರ ಮಾಡಿಕೊಳ್ಳಬೇಡ."

ಬ್ಯಾಪ್ಟಿಸ್ಟರು ಹಲಗೆಯ ಅಂಕೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ತಲೆ ಬಗ್ಗಿಸಿ, ಎದೆಯ ಮೇಲೆ ಕೈಯಿಟ್ಟು, ಇಂಗ್ಲಿಷಿನಲ್ಲಿ ಸಾರಿ ಎಂದರು. ಕ್ಲೆಮೆನ್ಸ್ ಅವರ ಭುಜ ತಟ್ಟಿ, ಉಪಕರಣಗಳ ಪೆಟ್ಟಿಗೆ ಎತ್ತಿಕೊಂಡು, ಬೋಗಿಯ ಕೆಳಗೆ ನುಗ್ಗಿದ.

ಅಣ್ಣ ತಂಗಿ ಬೆಂಚಿನ ಬಳಿಗೆ ಬಂದರು. ಆಲಿಸ್ ಕೂತಳು. ತುಸು ಹೊತ್ತಿಗೆ ಬ್ಯಾಪ್ಟಿಸ್ಟರೂ ಕೂತರು.

"ಎಲ್ಲರ ಎದುರು ನನ್ನನ್ನು ಬಿಟ್ಟುಕೊಡಲಿಲ್ಲ ಅವನು," ಎಂದರು. "ಯಾರೂ ಇಲ್ಲದಾಗ ನನ್ನನ್ನು ಸುಮ್ಮನೆ ಬಿಡಲೂ ಇಲ್ಲ. ಬೈಯದೆ ಇದ್ದಿದ್ದರೆ, ನನಗೆ ಹೆದರುತ್ತಾನೆ, ನಾಳೆ ಯಾರಿಗಾದರೂ ಹೆದರಿಯಾನು ಅಂತ ಬೇಡ ಹೇಳುತ್ತಿದ್ದೆ. ಮಾಯಿಗೆ ಇವತ್ತೇ ಬರೆಯುತ್ತೇನೆ. ಒಳ್ಳೆಯ ಹುಡುಗ."

ಆಲಿಸ್ ಸಂತೋಷಪಡುತ್ತಾಳೆಂದು ಅವರು ಎಣಿಸಿದ್ದರು. ಅವಳು ಕೇಳಿದ್ದೇ ಬೇರೆ. "ನಿಟ್ಟೆಯ ಮಾಸ್ತರು ಹೇಗಿದ್ದರು ಅಣ್ಣ?"

"ಯಾರು?"

"ಹಗ್ಗಕ್ಕೆ ಎರಡು ಗಂಟು ಇದ್ದವರು. ಮನುಷ್ಯ ಹೇಗಿದ್ದರು?"

ಬ್ಯಾಪ್ಟಿಸ್ಟರು ನೆನಪು ಮಾಡಿಕೊಳ್ಳಲು ಪ್ರಯತ್ನಪಟ್ಟರು. ಬಾವಿ ನೆನಪಾಯಿತು, ಹಟ್ಟಿ ನೆನಪಾಯಿತು, ಸೌದೆ ಒಟ್ಟಿದ ರೀತಿಯೂ ನೆನಪಾಯಿತು. ಮಾಸ್ತರರ ಮುಖ ಬರಲಿಲ್ಲ.

"ಗೊತ್ತಿಲ್ಲ," ಎಂದರು. "ಅವರನ್ನು ನಾನು ನೋಡಲೇ ಇಲ್ಲ ಆಲಿಸ್. ಹಗ್ಗವನ್ನು ನೋಡಿ ಬಂದೆ."

ಆಲಿಸ್ ಅವರನ್ನು ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟಳು, ಅಷ್ಟು ಶಿಕ್ಷೆ ಆಗಲಿ ಎಂಬಂತೆ. ಆಮೇಲೆ ಮೊಣಕೈಯಿಂದ ಮೆಲ್ಲನೆ ತಿವಿದಳು. "ಹೋಗಲಿ ಬಿಡು. ಅವರನ್ನು ಮಾಡಿಕೊಂಡಿದ್ದರೆ ನಿನ್ನ ಮುಖಕ್ಕೆ ಕಪ್ಪೆ ಉಗುಳುವುದನ್ನು ನೋಡಲಿಕ್ಕೆ ನನಗೆ ಸಿಗುತ್ತಿತ್ತಾ?"

"ಅವನಿಗೆ ಹೇಳು, ನಮ್ಮ ಕಡೆಯಿಂದ ಒಪ್ಪಿಗೆ ಅಂತ."

"ನಾನು ಯಾಕೆ ಹೇಳಲಿ? ನೋಡಲಿಕ್ಕೆ ಬಂದವನು ನೀನು. ನೀನೇ ಹೋಗಿ ಹೇಳು."

"ನನಗೆ ಭಾಷೆ ಎಲ್ಲಿ ಬರುತ್ತದೆ?"

"ಏಳು ಜನರನ್ನು ಹತ್ತಿಸುವಾಗ ಯಾವ ಭಾಷೆ ಇತ್ತು?"

ಬ್ಯಾಪ್ಟಿಸ್ಟರು ಎದ್ದು ರೈಲಿನ ಬಳಿಗೆ ಹೋದರು. ಬೋಗಿಯ ಕೆಳಗಿನಿಂದ ಕ್ಲೆಮೆನ್ಸನ ಎರಡು ಕಾಲುಗಳು ಹೊರಗೆ ಕಾಣುತ್ತಿದ್ದವು. ಅವರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಕೆಳಗಿನಿಂದ ಒಂದು ಕಪ್ಪು ಕೈ ಚಾಚಿ ಬಂತು, ಏನೋ ಬೇಕೆಂದು ಬೆರಳು ಆಡಿಸಿತು. ಬ್ಯಾಪ್ಟಿಸ್ಟರು ಸುತ್ತಿಗೆ ಕೊಟ್ಟರು. ಸುತ್ತಿಗೆ ಹಿಂದಕ್ಕೆ ಬಂತು. ನಟ್ಟು ತಿರುಗಿಸುವ ಸಣ್ಣ ಪಾನ ಕೊಟ್ಟರು. ಅದೂ ಬಂತು. ದೊಡ್ಡ ಪಾನ ಕೊಟ್ಟಾಗ ಕೈ ಒಳಗೆ ಹೋಗಿ, ಬೋಲ್ಟು ತಿರುಗುವ ಶಬ್ದ ಕೇಳಿಸಿತು.

"ಹೇಳಿದಿಯಾ?" ಎಂದು ಬೆಂಚಿನಿಂದ ಆಲಿಸ್ ಕೂಗಿದಳು.

"ಹೇಳುತ್ತೇನೆ, ನಿಲ್ಲು! ನಟ್ಟು ಬಿಗಿಯಾಗಲಿ!"

ನಟ್ಟು ಬಿಗಿಯಾಯಿತು. ಕ್ಲೆಮೆನ್ಸ್ ತೆವಳಿಕೊಂಡು ಹೊರಗೆ ಬಂದು ನೆಲದಲ್ಲಿಯೇ ಕೂತ. ಬ್ಯಾಪ್ಟಿಸ್ಟರು ಮೊದಲು ಬೆಂಚಿನ ಮೇಲಿದ್ದ ತಂಗಿಯ ಕಡೆಗೆ ಕೈ ತೋರಿಸಿದರು, ಆಮೇಲೆ ಅವನ ಎದೆಯ ಕಡೆಗೆ, ಕೊನೆಗೆ, ಇಷ್ಟು ದಿನದಲ್ಲಿ ಕಲಿತಿದ್ದ ಒಂದೇ ಒಂದು ಜರ್ಮನ್ ಮಾತಿನಲ್ಲಿ ಹೌದು ಎಂದರು. "ಯಾ."

ಕ್ಲೆಮೆನ್ಸ್ ಒಂದು ಗಳಿಗೆ ಅವರನ್ನೇ ನೋಡಿದ. ಅರ್ಥವಾದ ಕೂಡಲೇ ಅವನ ಕಿವಿಗಳು ಕೆಂಪಾದವು. ಕೈ ಕೊಡಲು ಹೊರಟವನು, ಮೊಣಕೈವರೆಗೆ ಗ್ರೀಸ್ ಇರುವುದನ್ನು ಕಂಡು, ಒರೆಸಲು ಬಟ್ಟೆಗಾಗಿ ಅತ್ತ ಇತ್ತ ಹುಡುಕಿದ. ಬಟ್ಟೆ ಇರಲಿಲ್ಲ. ಬ್ಯಾಪ್ಟಿಸ್ಟರು ಕಾಯಲಿಲ್ಲ, ಆ ಕೈಯನ್ನು ಇದ್ದ ಹಾಗೆಯೇ ತನ್ನ ಎರಡೂ ಕೈಗಳಿಂದ ಹಿಡಿದುಕೊಂಡರು.